ಕತ್ತೆಯ ವಾರ

ಕುತೈಸಿಯ ಹಸಿರು ಸಂತೆಯ ಹಿಂದೆ
ತಕ್ಕಡಿ ರಿಪೇರಿ ನನ್ನ ಕಸುಬು.
ಮುಳ್ಳು ಸೊನ್ನೆಗೆ ಬಂದು ನಿಂತರೆ ಮುಗಿಯಿತು;
ಆಮೇಲೆ ಚೀಸ್ ಮಾರುವವಳು ಹೆಬ್ಬೆರಳಿಟ್ಟು ಒತ್ತಿದರೆ
ಪಾಪ ಅವಳದು, ಕೂಲಿ ನನ್ನದು.

ವಾರಕ್ಕೊಂದು ಪಾಲು ತೋರಾ ಓದುತ್ತೇವೆ.
ಹಾಲಿನವನ ಹಾಗೆ ಅದು, ಅಪ್ಪ ಹೇಳುತ್ತಿದ್ದ,
ಪಾತ್ರೆ ತೊಳೆದಿಟ್ಟಿರು, ಬಿಟ್ಟಿರು,
ಬಾಗಿಲಿಗಂತೂ ಬಂದೇ ಬರುತ್ತದೆ.
ಬೇಸಿಗೆ ಮುಗಿಯುವಾಗ ಬರುತ್ತದೆ
ಚೀಲದಲ್ಲಿ ಎರಡು ಬಗೆಯ ಬಟ್ಟು ಇಡಬೇಡ ಎಂಬ ವಾರ;
ಅವತ್ತು ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಾರೆ.
ಗುಡಾರದ ಕಂಬ, ಕೊಂಡಿ, ಮೊಳದ ಲೆಕ್ಕದ ವಾರಗಳಲ್ಲಿ
ಬೇರೆಯವರು ತೂಕಡಿಸುತ್ತಾರೆ,
ನಾನೊಬ್ಬ ಎಚ್ಚರ.

ಮೊನ್ನೆಯದು ಕತ್ತೆಯ ವಾರ.
ಹಗೆಯವನ ಕತ್ತೆ ಹೊರೆಯಡಿ ಕುಸಿದದ್ದು ಕಂಡರೆ
ದಾಟಿ ಹೋಗಬೇಡ,
ಅವನ ಜೊತೆ ನಿಂತು ಎತ್ತು ಎನ್ನುವ ವಾರ.

ನನಗೆ ಹಗೆ ಎಂದರೆ ಬುಖುತಿ.
ಹನ್ನೊಂದು ವರ್ಷದ ಹಿಂದೆ ತನ್ನ ಮಾಡಿನ ನಳಿಗೆಯನ್ನು
ನನ್ನ ಗೋಡೆಯತ್ತ ತಿರುಗಿಸಿದ.
ನೆಲಮಾಳಿಗೆಯಲ್ಲಿ ಹೂತಿಟ್ಟ ಹಂಡೆಗೆ ನೀರು ನುಗ್ಗಿ
ಒಂದು ವರ್ಷದ ದ್ರಾಕ್ಷಾರಸ ಕೆಟ್ಟಿತು.
ಅಂದಿನಿಂದ ನಾನು ಏರಿಗೆ, ಅವನು ನೀರಿಗೆ.

ಗುರುವಾರ ಹಿಮ. ಇಳಿಜಾರಿನಲ್ಲಿ ಅವನ ವ್ಯಾನು,
ಹಿಂದಿನ ಚಕ್ರ ಚರಂಡಿಗೆ, ಒಳಗೆ ಹಿಟ್ಟಿನ ಮೂಟೆ.
ಒಬ್ಬನೇ ಒಂದೊಂದಾಗಿ ಇಳಿಸುತ್ತಿದ್ದ.
ನೋಡಿದೆ. ಅವನೂ ನೋಡಿದ.
ಟೊಪ್ಪಿಯನ್ನು ಹಣೆಗೆಳೆದುಕೊಂಡು ನಡೆದೆ.
ವ್ಯಾನು ಕತ್ತೆಯಲ್ಲವಲ್ಲ ಎಂದುಕೊಂಡೆನೆ?
ಇಲ್ಲ. ಅಷ್ಟು ಬುದ್ಧಿಯೂ ಓಡಲಿಲ್ಲ,
ಬರೀ ಕಾಲು ಓಡಿತು.

ಶನಿವಾರ ಬೆಳಿಗ್ಗೆ ಒಂಬತ್ತೇ ಜನ.
ಒಂದು ಕಾಲಕ್ಕೆ ನಿಲ್ಲಲು ಜಾಗವಿರದ ಸಿನಗಾಗ್;
ಮಕ್ಕಳು, ಮೊಮ್ಮಕ್ಕಳು ಹೈಫಾ, ಅಶ್ದೋದ್ ಎಂದು ಹೊರಟುಹೋಗಿ
ಈಗ ಬೆರಳೆಣಿಕೆ, ಅದರಲ್ಲೂ ಒಂದು ಬೆರಳು ಖಾಲಿ.
ಹತ್ತು ಮಂದಿ ಆಗದೆ ಸುರುಳಿ ಬಿಚ್ಚುವಂತಿಲ್ಲ.
ಓದುವ ಶಬತಾಯ್ ಮಾವ ಬೆಳ್ಳಿಯ ಕಡ್ಡಿಯನ್ನು
ತೊಡೆಯ ಮೇಲಿಟ್ಟುಕೊಂಡು ಕಾದ.
ಒಲೆಯಲ್ಲಿ ಹಿಂದಿನ ಸಂಜೆಯ ಬಿಸಿ ಆರುತ್ತಿತ್ತು.
"ಬುಖುತಿಗೆ ಸೊಂಟ ಹಿಡಿದಿದೆಯಂತೆ," ಯಾರೋ ಅಂದರು,
"ಮೂಟೆ ಹೊತ್ತು."
ಯಾರೂ ನನ್ನತ್ತ ನೋಡಲಿಲ್ಲ.
ನೋಡಿದ್ದರೆ ಚೆನ್ನಾಗಿತ್ತು.

ಎದ್ದು ಕೋಟು ಹಾಕಿಕೊಂಡೆ.
ಬಾಗಿಲು ತೆರೆದ ಎತೆರಿ
ಮಾತಿಲ್ಲದೆ ಪಕ್ಕಕ್ಕೆ ಸರಿದಳು.
ಮಂಚದಿಂದ ಅವನು: "ಎಷ್ಟು ಜನ?"
"ಒಂಬತ್ತು."
ಹನ್ನೊಂದು ವರ್ಷದ ಮೇಲೆ ನಾವಾಡಿದ ಮೊದಲ ಮಾತು
ಒಂದು ಲೆಕ್ಕ.

ಕತ್ತೆಯ ಧಣಿ ಕೈಕಟ್ಟಿ ಕೂತರೆ ನೀನೂ ಕೂರಬಹುದು,
ಅವನೂ ಕೈ ಹಾಕಬೇಕು, ಜೊತೆ ಎಂದರೆ ಜೊತೆ,
ಹೋದ ವರ್ಷ ಶಬತಾಯ್ ಮಾವ ಬಿಡಿಸಿ ಹೇಳಿದ್ದ.
ಬುಖುತಿ ಕೈ ಹಾಕಿದ, ನನ್ನ ಕುತ್ತಿಗೆಗೆ,
ಮುಲುಗುತ್ತ, ಬಯ್ಯುತ್ತ.
"ನಿನ್ನ ಮೈಯೆಲ್ಲ ಎಣ್ಣೆ ವಾಸನೆ."
"ನಿನ್ನದು ಹಿಟ್ಟು."
ಆ ನಳಿಗೆಯ ಕೆಳಗೇ ಹಾದು ಬಂದೆವು;
ಹಿಮ ಕರಗಿದ ಒಂದು ತೊಟ್ಟು
ಸರಿಯಾಗಿ ನನ್ನ ಕಾಲರಿನೊಳಗೆ ಬಿತ್ತು.
ಅವನು ನಕ್ಕ, ಸೊಂಟ ಚುಚ್ಚಿ ನಿಲ್ಲಿಸಿದ.

ಸುರುಳಿ ಬಿಚ್ಚಿತು.
ಬೆಳ್ಳಿಕಡ್ಡಿ ಸಾಲಿನಿಂದ ಸಾಲಿಗೆ ನಡೆದು
ಆ ಜಾಗಕ್ಕೆ ಬಂದಾಗ
ಶಬತಾಯ್ ಮಾವ ಒಂದು ಉಸಿರು ಹೆಚ್ಚಿಗೆ ನಿಂತ.
ಬುಖುತಿ ಕೆಮ್ಮಿದ.
ನಮ್ಮಿಬ್ಬರಲ್ಲಿ ಕತ್ತೆ ಯಾವುದು ಎಂದು
ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ನಳಿಗೆ ಇನ್ನೂ ನನ್ನ ಗೋಡೆಯತ್ತಲೇ ಇದೆ.
ಬರುವ ವಾರ ಗುಡಾರದ ಅಳತೆ ಶುರು,
ಎಷ್ಟು ಮೊಳ ಉದ್ದ, ಎಷ್ಟು ಮೊಳ ಅಗಲ.
"ಸೊಂಟ ನೆಟ್ಟಗಾಗಲಿ, ಟೇಪು ಹಿಡಿದು ಬಾ,
ಎಲ್ಲಿಂದ ಬಾಗಿಸಬೇಕೋ ನೋಡೋಣ" ಅಂದಿದ್ದಾನೆ.
ಅವನ ಮಾತನ್ನು ನಂಬಿದವನು ಕೆಟ್ಟ.
ಟೇಪು ಮಾತ್ರ
ಸೋಮವಾರದಿಂದ ಕೋಟಿನ ಜೇಬಿನಲ್ಲೇ ಇದೆ.